ಹೆಬ್ಬೆಟ್ಟು ಬಾರದ ಉಮ್ಮ ಮತ್ತು ಸರಕಾರಕ್ಕೆ ನಾಲ್ಕು ಪ್ರಶ್ನೆಗಳು

ಬೆಟ್ಟದಪುರದ ಸುತ್ತ ಹೊಗೆಸೊಪ್ಪಿನ ಕಾಲ ಬಂತೆಂದರೆ ಅರ್ಧ ಊರಿನ ಕೈ ಕಪ್ಪಾಗುತ್ತದೆ. ಹಸಿ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸುವಷ್ಟರಲ್ಲಿ ಅದರ ಅಂಟು ಬೆರಳಿಗೆ ಹತ್ತಿ ಕೂತುಬಿಡುತ್ತದೆ. ಎಷ್ಟು ತಿಕ್ಕಿ ತೊಳೆದರೂ ಬೇಗ ಹೋಗೋದಿಲ್ಲ. ಪಿರಿಯಾಪಟ್ಟಣ, ಹುಣಸೂರು ಕಡೆಯ ಕೂಲಿ ಹೆಂಗಸರ ಕೈ ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಂಥ ಒಂದು ಜೋಡಿ ಕೈ ಕಳೆದ ಮಳೆಗಾಲದಲ್ಲಿ ನಮ್ಮ ಮದರಸಾದ ಬಾಗಿಲಿಗೆ ಬಂತು. ಕರಾವಳಿಯಿಂದ ಮದುವೆಯಾಗಿ ಈ ಕಡೆ ಬಂದು ನಲವತ್ತು ವರ್ಷವಾದ ಒಬ್ಬ ಉಮ್ಮ. ತವರಲ್ಲಿದ್ದಾಗ ಬೀಡಿ ಕಟ್ಟಿದವರು, ಗಂಡ ತೀರಿಕೊಂಡ ಮೇಲೆ ಇಲ್ಲಿ ಸೊಪ್ಪು ಕಟ್ಟುತ್ತಿರುವವರು. ಕೈಯಲ್ಲಿ ಖಾಲಿ ಚೀಲ.

"ಉಸ್ತಾದೇ, ರೇಷನ್ ಅಂಗಡಿಗೆ ಮೂರು ಸಲ ಹೋದೆ. ಹೆಬ್ಬೆಟ್ಟು ಇಟ್ಟರೆ ಆ ಮೆಷಿನ್ ನನ್ನ ಬೆರಳು ನನ್ನದಲ್ಲ ಅಂತದೆ. ಹಂಗಾದ್ರೆ ಯಾರದು ಹೇಳಿ?"

ನಾವು ಅವರನ್ನು ಕೂರಿಸಿ ನೀರು ಕೊಟ್ಟೆವು. ಉತ್ತರ ಮಾತ್ರ ನಮ್ಮ ಹತ್ತಿರ ಇರಲಿಲ್ಲ. ನಾವು ದೀನಿ ತಾಲೀಮು ಪಡೆದು, ಜೊತೆಗೆ ಪಿಯುಸಿ ಓದಿದವರು, ವಕೀಲರಲ್ಲ. ಆದರೂ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಒಬ್ಬ ಮನುಷ್ಯನ ಬೆರಳು, ಕಣ್ಣು, ಮುಖ ಕೇಳುವ ಅಧಿಕಾರ ಸರಕಾರಕ್ಕೆ ಎಷ್ಟರ ಮಟ್ಟಿಗೆ ಇದೆ? ಅದು ಎಲ್ಲಿಗೆ ನಿಲ್ಲಬೇಕು? ನಿಲ್ಲಿಸುವವರು ಯಾರು, ಯಾವ ಲೆಕ್ಕದಲ್ಲಿ? ಪರಿಚಯದ ವಕೀಲರೊಬ್ಬರ ನೆರವಿನಿಂದ ಕೆಲವು ತೀರ್ಪುಗಳನ್ನು ಓದಿಸಿಕೊಂಡೆವು. ಅರ್ಥವಾದಷ್ಟನ್ನು ಓದುಗರ ಮುಂದೆ ಇಡುತ್ತಿದ್ದೇವೆ.

ಒಬ್ಬ ಕನ್ನಡಿಗ ಹಿರಿಯರ ಅರ್ಜಿ

ಈ ಕಥೆ ನಮ್ಮ ರಾಜ್ಯದಿಂದಲೇ ಶುರುವಾಗುತ್ತದೆ. ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದು ನಿವೃತ್ತರಾದವರು. 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಅವರು ಸುಪ್ರೀಂ ಕೋರ್ಟಿಗೆ ಒಂದು ಅರ್ಜಿ ಹಾಕಿದರು. 2009ರಿಂದ ನಡೆಯುತ್ತಿದ್ದ ಆಧಾರ್ ಯೋಜನೆಗೆ ಆಗ ಸಂಸತ್ತಿನ ಕಾನೂನೇ ಇರಲಿಲ್ಲ. ಕಾನೂನಿಲ್ಲದೆ ಜನರ ಬೆರಳಚ್ಚು, ಕಣ್ಣಿನ ಗುರುತು ತೆಗೆದುಕೊಳ್ಳುವುದು ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು. ಆ ಯೋಜನೆಯ ಮುಂದಾಳು ಆಗಿದ್ದವರು ಬೆಂಗಳೂರಿನ ನಂದನ್ ನಿಲೇಕಣಿ. ಹೀಗೆ ಕಟ್ಟಿದವರೂ ನಮ್ಮವರೇ, ಪ್ರಶ್ನಿಸಿದವರೂ ನಮ್ಮವರೇ.

2013ರ ಸೆಪ್ಟೆಂಬರ್ 23ರಂದು ಕೋರ್ಟು ಮಧ್ಯಂತರ ಆದೇಶ ಕೊಟ್ಟಿತು: ಆಧಾರ್ ಇಲ್ಲ ಎಂಬ ಕಾರಣಕ್ಕೆ ಯಾರಿಗೂ ತೊಂದರೆಯಾಗಬಾರದು. ಆದರೆ 2015ರಲ್ಲಿ ವಾದ ಬೇರೆ ದಾರಿ ಹಿಡಿಯಿತು. ಖಾಸಗಿತನ ಎಂಬ ಮೂಲಭೂತ ಹಕ್ಕೇ ನಮ್ಮ ಸಂವಿಧಾನದಲ್ಲಿಲ್ಲ ಎಂದು ಕೇಂದ್ರ ಸರಕಾರ ಹೇಳಿತು. ಅದಕ್ಕೆ ಎರಡು ಹಳೆಯ ತೀರ್ಪುಗಳ ಆಧಾರವೂ ಇತ್ತು. ಒಂದು 1954ರ ಎಂ.ಪಿ. ಶರ್ಮಾ ಪ್ರಕರಣ, ಎಂಟು ನ್ಯಾಯಮೂರ್ತಿಗಳದ್ದು. ಇನ್ನೊಂದು 1962ರ ಖರಕ್ ಸಿಂಗ್ ಪ್ರಕರಣ, ಆರು ನ್ಯಾಯಮೂರ್ತಿಗಳದ್ದು. ಉತ್ತರ ಪ್ರದೇಶದ ಈ ಖರಕ್ ಸಿಂಗ್ ಡಕಾಯಿತಿ ಕೇಸಿನಲ್ಲಿ ಸಾಕ್ಷ್ಯವಿಲ್ಲದೆ ಬಿಡುಗಡೆಯಾದವರು. ಆದರೂ ಪೊಲೀಸರು ರಾತ್ರಿ ಹೊತ್ತು ಬಂದು ಬಾಗಿಲು ಬಡಿದು ಎಬ್ಬಿಸುತ್ತಿದ್ದರು. ರಾತ್ರಿ ಬರುವುದು ತಪ್ಪು ಎಂದು ಕೋರ್ಟು ಆಗಲೇ ಹೇಳಿತ್ತು. ಆದರೆ ಖಾಸಗಿತನದ ಹಕ್ಕು ಇದೆ ಎಂದು ಒಪ್ಪಿರಲಿಲ್ಲ.

ಹಾಗಾಗಿ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೂರಬೇಕಾಯಿತು. ಮುಖ್ಯ ನ್ಯಾಯಮೂರ್ತಿ ಜೆ.ಎಸ್. ಖೇಹರ್ ನೇತೃತ್ವದ ಆ ಪೀಠದಲ್ಲಿ ಮೂಡುಬಿದಿರೆ ಬಳಿಯ ಬೆಳುವಾಯಿಯ ನ್ಯಾಯಮೂರ್ತಿ ಎಸ್. ಅಬ್ದುಲ್ ನಝೀರ್ ಅವರೂ ಇದ್ದರು ಎಂಬುದನ್ನು ಈ ಪುಟದ ಓದುಗರು ನೆನಪಿಸಿಕೊಳ್ಳಬಹುದು. ಆಗಸ್ಟ್ 24, 2017ರಂದು 547 ಪುಟಗಳ ತೀರ್ಪು ಬಂತು. ಒಂಬತ್ತೂ ಮಂದಿಯದ್ದು ಒಂದೇ ಮಾತು: ಖಾಸಗಿತನ ಮೂಲಭೂತ ಹಕ್ಕು. ಹಳೆಯ ಎರಡು ತೀರ್ಪುಗಳು ಆ ಮಟ್ಟಿಗೆ ರದ್ದಾದವು.

ಒಬ್ಬರ ಮನೆಗೆ ಹೋದರೆ ಸಲಾಂ ಹೇಳಿ, ಅನುಮತಿ ಸಿಕ್ಕಿದ ಮೇಲೆಯೇ ಒಳಗೆ ಕಾಲಿಡಬೇಕು, ಇಲ್ಲವಾದರೆ ಹಿಂತಿರುಗಬೇಕು ಎಂದು ನಾವು ಮದರಸಾದ ಚಿಕ್ಕ ಮಕ್ಕಳಿಗೂ ಕಲಿಸುತ್ತೇವೆ. ಸರಕಾರಕ್ಕೂ ಅದೇ ಅದಬು ಬೇಕು ಎಂದು ಸುಪ್ರೀಂ ಕೋರ್ಟು ತನ್ನದೇ ಭಾಷೆಯಲ್ಲಿ ಹೇಳಿತು ಅಂತ ನಮಗೆ ಅನಿಸಿತು.

ಹಕ್ಕು ಇದೆ, ಆದರೆ ಅದಕ್ಕೆ ಮಿತಿಯೂ ಇದೆ

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿಯಬೇಕು. ಹಕ್ಕು ಇದೆ ಎಂದ ಕೂಡಲೇ ಸರಕಾರ ಏನನ್ನೂ ಕೇಳುವ ಹಾಗಿಲ್ಲ ಎಂದಲ್ಲ. ಕಳ್ಳನನ್ನು ಹಿಡಿಯಲು ಪೊಲೀಸರು ಮನೆ ಹುಡುಕಬೇಕಾಗುತ್ತದೆ. ತೆರಿಗೆಗೆ ಲೆಕ್ಕ ಕೇಳಬೇಕಾಗುತ್ತದೆ. ರೋಗ ಹರಡಿದಾಗ ಜನರನ್ನು ಮನೆಯಲ್ಲಿ ಕೂರಿಸಬೇಕಾಗುತ್ತದೆ. ಹಾಗಾದರೆ ಯಾವುದು ಸರಿ, ಯಾವುದು ಅತಿ ಎಂದು ಅಳೆಯುವುದು ಹೇಗೆ?

ಅದಕ್ಕೆ ಕೋರ್ಟುಗಳು ಕೆಲವು ಪ್ರಶ್ನೆಗಳನ್ನು ಇಟ್ಟುಕೊಂಡಿವೆ. ಮೊದಲನೆಯದಾಗಿ, ಒಂದು ಕಾನೂನು ಇರಲೇಬೇಕು. ಯಾರೋ ಅಧಿಕಾರಿ ಬಾಯಲ್ಲಿ ಹೇಳಿದರೆ ಸಾಲದು. ಕಾನೂನು ಇದ್ದ ಮೇಲೆ ನಾಲ್ಕು ಪ್ರಶ್ನೆಗಳು.

ಒಂದು, ಉದ್ದೇಶ ನ್ಯಾಯವಾದದ್ದೇ?

ಎರಡು, ಹಿಡಿದ ದಾರಿಗೂ ಆ ಉದ್ದೇಶಕ್ಕೂ ಸಂಬಂಧ ಇದೆಯೇ?

ಮೂರು, ಅದೇ ಕೆಲಸ ಆಗುವಂಥ, ಜನರ ಹಕ್ಕನ್ನು ಇಷ್ಟು ಮುಟ್ಟದ ಬೇರೆ ದಾರಿ ಇತ್ತೇ?

ನಾಲ್ಕು, ಸಿಗುವ ಲಾಭಕ್ಕೆ ಹೋಲಿಸಿದರೆ ಜನರಿಗಾಗುವ ನಷ್ಟ ಹೆಚ್ಚಾಯಿತೇ?

ಇದನ್ನು ಕಾನೂನಿನವರು ಪ್ರಮಾಣಬದ್ಧತೆಯ ಪರೀಕ್ಷೆ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಡಬಾರದು. ಇದರ ಬೇರು ಜರ್ಮನಿಯ ಪೊಲೀಸ್ ಕಾನೂನಿನಲ್ಲಿದೆ. ಕೆನಡಾದ ಸುಪ್ರೀಂ ಕೋರ್ಟು 1986ರಲ್ಲಿ ಡೇವಿಡ್ ಓಕ್ಸ್ ಎಂಬವನ ಪ್ರಕರಣದಲ್ಲಿ ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆದಿಟ್ಟಿತು. ಮಾದಕ ವಸ್ತು ಕೈಯಲ್ಲಿ ಸಿಕ್ಕರೆ ಸಾಕು, ಅವನು ಮಾರುವವನೇ ಎಂದು ಅಲ್ಲಿನ ಕಾನೂನು ಊಹಿಸಿಕೊಳ್ಳುತ್ತಿತ್ತು, ಅಲ್ಲವೆಂದು ತೋರಿಸುವ ಹೊಣೆ ಆರೋಪಿಯದ್ದು. ಸ್ವಲ್ಪ ಇಟ್ಟುಕೊಂಡವನೆಲ್ಲ ಮಾರುವವನೇ ಎಂಬುದಕ್ಕೆ ಸಂಬಂಧವೇ ಇಲ್ಲ ಎಂದು ಕೋರ್ಟು ಅದನ್ನು ಹೊಡೆದು ಹಾಕಿತು. ಅಮೆರಿಕದಲ್ಲಿ ಬೇರೆ ಕ್ರಮ. ಅಲ್ಲಿ ಮೂರು ಜರಡಿಗಳಿವೆ. ಜನಾಂಗದ ಹೆಸರಲ್ಲಿ ಭೇದ ಮಾಡುವ ಕಾನೂನಿಗೆ ಅತಿ ಸಣ್ಣ ಕಣ್ಣಿನ ಜರಡಿ, ಗಂಡು ಹೆಣ್ಣಿನ ಭೇದಕ್ಕೆ ಮಧ್ಯಮ, ವ್ಯಾಪಾರ ವ್ಯವಹಾರದ ಕಾನೂನಿಗೆ ದೊಡ್ಡ ಕಣ್ಣಿನದು.

ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಮೂಲಭೂತ ಹಕ್ಕಿಗೆ ಪೆಟ್ಟು ಬಿದ್ದಿದೆ ಎಂದು ತೋರಿಸಿದ ಮೇಲೆ, ಈ ಪ್ರಶ್ನೆಗಳಿಗೆ ಉತ್ತರ ಕೊಡುವ ಹೊಣೆ ಸರಕಾರದ್ದು.

ನಮ್ಮ ದೇಶದ ಬೀಡಿ ಕೇಸು

ಇದೆಲ್ಲ ಹೊರದೇಶದ ಸರಕು ಎಂದುಕೊಳ್ಳಬೇಡಿ. ಸಂವಿಧಾನ ಜಾರಿಗೆ ಬಂದ ವರ್ಷವೇ ನಮ್ಮ ಸುಪ್ರೀಂ ಕೋರ್ಟು ಈ ಲೆಕ್ಕ ಹಾಕಿತ್ತು, ಅದೂ ಬೀಡಿ ಕಟ್ಟುವವರ ವಿಷಯದಲ್ಲಿ. ನಮ್ಮ ಉಮ್ಮ ಕೇಳಿದ್ದರೆ ಖುಷಿ ಪಡುತ್ತಿದ್ದರು.

ಮಧ್ಯಪ್ರದೇಶದ ಸಾಗರ ಜಿಲ್ಲೆಯಲ್ಲಿ ಬೇಸಾಯಕ್ಕೆ ಆಳು ಸಿಗುತ್ತಿಲ್ಲ, ಎಲ್ಲ ಬೀಡಿ ಕಟ್ಟಲು ಹೋಗುತ್ತಿದ್ದಾರೆ ಎಂದು ಸರಕಾರಕ್ಕೆ ಚಿಂತೆ. 1948ರ ಒಂದು ಕಾನೂನನ್ನು ಹಿಡಿದು ಅಲ್ಲಿನ ಜಿಲ್ಲಾಧಿಕಾರಿ 1950ರ ಜೂನ್ 13ರಂದು ಆದೇಶ ಹೊರಡಿಸಿದರು. ಬೇಸಾಯದ ಕಾಲದಲ್ಲಿ ಕೆಲವು ಹಳ್ಳಿಗಳಲ್ಲಿ ಯಾರೂ ಬೀಡಿ ಮಾಡುವಂತಿಲ್ಲ. ಬೀಡಿ ಉದ್ಯಮದ ಮಾಲಕ ಚಿಂತಾಮನ್ ರಾವ್ ಮತ್ತು ಬೀಡಿ ಕೆಲಸದ ಒಬ್ಬ ನೌಕರ ಕೋರ್ಟಿಗೆ ಹೋದರು.

ನವೆಂಬರ್ 8, 1950ರಂದು ನ್ಯಾಯಮೂರ್ತಿ ಮಹಾಜನ್ ತೀರ್ಪು ಬರೆದರು. ಬೇಸಾಯಕ್ಕೆ ಆಳು ಬೇಕು ಎಂಬ ಉದ್ದೇಶವನ್ನು ಅವರು ತಪ್ಪು ಎನ್ನಲಿಲ್ಲ. ಆದರೆ ಗದ್ದೆಗೆ ಇಳಿಯಲು ಆಗದ ಮುದುಕಿಯರು, ಮಕ್ಕಳು, ಅಂಗವಿಕಲರು, ಕಾಯಿಲೆಯವರು ಕೂಡ ಬೀಡಿ ಕಟ್ಟಿ ನಾಲ್ಕು ಕಾಸು ಸಂಪಾದಿಸುವಂತಿಲ್ಲ ಎಂದರೆ ಹೇಗೆ? ಇದರಿಂದ ಬೇಸಾಯಕ್ಕೆ ಏನು ಲಾಭ? ಬೇಸಾಯದ ಕೂಲಿಯವರಿಗೆ ಮಾತ್ರ ಅನ್ವಯಿಸಬಹುದಿತ್ತು, ಅಥವಾ ಕೆಲಸದ ಹೊತ್ತನ್ನು ಗೊತ್ತು ಮಾಡಬಹುದಿತ್ತು. ಹಾಗಾಗಿ ಈ ನಿರ್ಬಂಧ ಮಿತಿ ಮೀರಿದ್ದು ಎಂದು ಕೋರ್ಟು ಹೇಳಿತು.

ಮೇಲೆ ಹೇಳಿದ ನಾಲ್ಕು ಪ್ರಶ್ನೆಗಳನ್ನು ಇಟ್ಟು ನೋಡಿ. ಎರಡನೆಯದೂ ಮೂರನೆಯದೂ ಅಲ್ಲಿ ಅಚ್ಚುಕಟ್ಟಾಗಿ ಕಾಣುತ್ತವೆ. ಓಕ್ಸ್ ಪ್ರಕರಣಕ್ಕಿಂತ 36 ವರ್ಷ ಮೊದಲೇ.

ಆಧಾರ್ ಪರೀಕ್ಷೆಯಲ್ಲಿ ಪಾಸಾದದ್ದು, ಫೇಲಾದದ್ದು

2016ರಲ್ಲಿ ಆಧಾರ್ ಕಾನೂನು ಬಂತು. ಅದನ್ನೂ ಪ್ರಶ್ನಿಸಿದ್ದಾಯಿತು. 2018ರಲ್ಲಿ 38 ದಿನ ವಿಚಾರಣೆ ನಡೆದು, ಸೆಪ್ಟೆಂಬರ್ 26ರಂದು ಐವರ ಪೀಠದ ತೀರ್ಪು ಹೊರಬಿತ್ತು. ನಾಲ್ವರು ಒಂದು ಕಡೆ, ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಒಬ್ಬರೇ ಇನ್ನೊಂದು ಕಡೆ. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಎ.ಕೆ. ಸಿಕ್ರಿ. ನಾಲ್ಕು ಪ್ರಶ್ನೆಗಳನ್ನು ಒಂದೊಂದಾಗಿ ಇಟ್ಟು ಅವರು ಕಾನೂನನ್ನು ಸೋಸಿದರು.

ಪಡಿತರ, ಸಬ್ಸಿಡಿ, ಸರಕಾರಿ ಸವಲತ್ತಿಗೆ ಆಧಾರ್ ಕೇಳುವ ಏಳನೇ ಸೆಕ್ಷನ್ ಉಳಿಯಿತು. ಬಡವರ ಅಕ್ಕಿ ಬಡವರಿಗೇ ಸಿಗಬೇಕು ಎಂಬ ಉದ್ದೇಶ ನ್ಯಾಯವಾದದ್ದು, ಅದಕ್ಕೆ ತೆಗೆದುಕೊಳ್ಳುವ ಮಾಹಿತಿ ಕಡಿಮೆ ಎಂದು ಬಹುಮತ ಹೇಳಿತು. ಪಾನ್ ಕಾರ್ಡಿಗೆ ಜೋಡಿಸುವುದೂ ಉಳಿಯಿತು.

ಬ್ಯಾಂಕ್ ಖಾತೆಗೆ ಕಡ್ಡಾಯವಾಗಿ ಜೋಡಿಸುವ ನಿಯಮ ಬಿತ್ತು. ಕಪ್ಪುಹಣದ ಕೆಲವರನ್ನು ಹಿಡಿಯಲು ಖಾತೆ ಇರುವ ಪ್ರತಿಯೊಬ್ಬನನ್ನೂ ಅನುಮಾನಿಸುವುದು ಅತಿಯಾಯಿತು ಎಂದು ಕೋರ್ಟಿಗೆ ಅನಿಸಿತು. ಮೊಬೈಲ್ ಸಿಮ್ಮಿಗೆ ಜೋಡಿಸಬೇಕೆಂಬ 2017ರ ಸುತ್ತೋಲೆಯೂ ಬಿತ್ತು, ಅದಕ್ಕೆ ಕಾನೂನಿನ ಬಲವೇ ಇರಲಿಲ್ಲ. ಆಗ ದಿನಕ್ಕೆ ಹತ್ತು ಮೆಸೇಜು ಬರುತ್ತಿದ್ದದ್ದು, ಮೊಬೈಲ್ ಅಂಗಡಿಗಳ ಮುಂದೆ ಕ್ಯೂ ನಿಂತದ್ದು ಎಲ್ಲರಿಗೂ ನೆನಪಿದೆ. ಖಾಸಗಿ ಕಂಪೆನಿಗಳು ಆಧಾರ್ ಕೇಳಲು ದಾರಿ ಮಾಡಿದ್ದ 57ನೇ ಸೆಕ್ಷನ್‌ನ ಭಾಗವೂ ಹೋಯಿತು. 2019ರಲ್ಲಿ ತಿದ್ದುಪಡಿ ಬಂದು, ಬ್ಯಾಂಕಿಗೂ ಸಿಮ್ಮಿಗೂ ನಾವು ಇಷ್ಟಪಟ್ಟರೆ ಆಧಾರ್ ಕೊಡಬಹುದು ಎಂದಾಯಿತು. ಇಷ್ಟಪಟ್ಟರೆ ಎಂಬ ಮಾತನ್ನು ಕೌಂಟರಿನಲ್ಲಿ ಕೂತವರು ಹೇಳುವುದು ಕಡಿಮೆ.

ಚಂದ್ರಚೂಡ್ ಅವರು ಇಡೀ ಕಾನೂನೇ ಸಂವಿಧಾನಕ್ಕೆ ವಿರುದ್ಧ ಎಂದರು. ಅದನ್ನು ಹಣಕಾಸು ಮಸೂದೆಯಾಗಿ ಪಾಸು ಮಾಡಿ ರಾಜ್ಯಸಭೆಯನ್ನು ಬದಿಗಿಟ್ಟದ್ದು ಮೋಸ ಎಂದು ಬರೆದರು. ಮೆಷಿನ್ ಒಪ್ಪದವರ ಹಸಿವಿನ ಬಗ್ಗೆಯೂ ಬರೆದರು.

ನಮ್ಮ ಉಮ್ಮನ ವಿಷಯ ಬರುವುದು ಇಲ್ಲೇ. ಶೇ. 99.76ರಷ್ಟು ಗುರುತು ಸರಿಯಾಗಿ ಸಿಗುತ್ತದೆ ಎಂಬ ಲೆಕ್ಕ ಕೋರ್ಟಿನ ಮುಂದೆ ಬಂದಿತ್ತು. ಬಹಳ ಒಳ್ಳೆಯ ಅಂಕ, ನಮ್ಮ ಮಕ್ಕಳಲ್ಲಿ ಯಾರಿಗೂ ಇಷ್ಟು ಮಾರ್ಕು ಬಂದಿಲ್ಲ! ಆದರೆ ತಿರುಗಿಸಿ ನೋಡಿ. ಹತ್ತು ಸಾವಿರ ಜನ ಬೆರಳಿಟ್ಟರೆ 24 ಜನರ ಬೆರಳು ಬರೋದಿಲ್ಲ. ಆ 24 ಜನ ಯಾರಿರಬಹುದು? ಕಚೇರಿಯಲ್ಲಿ ಕೂತು ಕೆಲಸ ಮಾಡುವವರ ಬೆರಳು ಸವೆಯುವುದಿಲ್ಲ. ಗಾರೆ ಕೆಲಸದವರು, ಪಾತ್ರೆ ತಿಕ್ಕುವವರು, ಬೀಡಿ ಕಟ್ಟಿದವರು, ಸೊಪ್ಪು ಕಟ್ಟುವವರು, ವಯಸ್ಸಾದವರು, ಇವರದ್ದೇ ಸವೆಯುವುದು. ಯಾರಿಗಾಗಿ ಯೋಜನೆಯೋ ಅವರೇ ಹೊರಗೆ ನಿಲ್ಲುವ ಹಾಗಾದರೆ ನಾಲ್ಕನೇ ಪ್ರಶ್ನೆಗೆ ಉತ್ತರ ಸುಲಭವಲ್ಲ.

ಬಹುಮತದ ನ್ಯಾಯಮೂರ್ತಿಗಳೂ ಇದನ್ನು ಕಾಣದೆ ಬಿಟ್ಟಿಲ್ಲ. ಅರ್ಹರು ಯಾರೂ ಹೊರಗುಳಿಯುವುದಿಲ್ಲ ಎಂಬ ಸರಕಾರದ ಮಾತನ್ನು ಅವರು ದಾಖಲಿಸಿಕೊಂಡರು. ಆಧಾರ್ ಸಂಖ್ಯೆ ಇನ್ನೂ ಸಿಗದವರಿಗೆ ಬೇರೆ ಗುರುತಿನ ದಾರಿ ಕೊಡಬೇಕೆಂದು ಏಳನೇ ಸೆಕ್ಷನ್ ತಾನೇ ಹೇಳುತ್ತದೆ. ಅಂದರೆ ಬೆರಳು ಬರಲಿಲ್ಲ ಎಂದ ಕೂಡಲೇ "ನಾಳೆ ಬನ್ನಿ" ಎಂದು ಕಳಿಸಿಬಿಡುವುದಕ್ಕೆ ತೀರ್ಪಿನಲ್ಲಿ ಸಮ್ಮತಿ ಇಲ್ಲ. ದಿಲ್ಲಿಯ ತೀರ್ಪು ನ್ಯಾಯಬೆಲೆ ಅಂಗಡಿಯ ಕೌಂಟರಿಗೆ ಬರುವಾಗ ಆ ಭಾಗ ಮಾತ್ರ ದಾರಿಯಲ್ಲಿ ಎಲ್ಲೋ ಬಿದ್ದುಹೋಗುತ್ತದೆ.

ಪ್ರಶ್ನೆ ಬದಲಾದರೆ ಉತ್ತರವೂ ಬದಲಾಗುತ್ತದೆ

ಹಿಜಾಬಿನ ವಿಷಯ ಎತ್ತದೆ ಈ ಲೇಖನ ಮುಗಿಸಿದರೆ ಓದುಗರು ನಮ್ಮನ್ನು ಬಿಡುವುದಿಲ್ಲ. ಫೆಬ್ರವರಿ 5, 2022ರ ಸರಕಾರಿ ಆದೇಶವನ್ನು ಕರ್ನಾಟಕ ಹೈಕೋರ್ಟಿನ ಮೂವರ ಪೀಠ ಮಾರ್ಚ್ 15ರಂದು ಎತ್ತಿ ಹಿಡಿಯಿತು. ಅಲ್ಲಿ ಮುಖ್ಯವಾಗಿ ಕೇಳಿದ ಪ್ರಶ್ನೆ, ಇದು ಧರ್ಮದ ಅತ್ಯಗತ್ಯ ಆಚರಣೆಯೇ ಎಂಬುದು. ಅಲ್ಲ ಎಂದ ಮೇಲೆ, ಸಮವಸ್ತ್ರ ಸಮಂಜಸ ನಿರ್ಬಂಧ ಎಂದಾಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರಲ್ಲಿ ಭಿನ್ನಾಭಿಪ್ರಾಯ ಬಂತು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಹೈಕೋರ್ಟಿನ ತೀರ್ಪನ್ನು ಒಪ್ಪಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅತ್ಯಗತ್ಯವೇ ಎಂಬ ಪ್ರಶ್ನೆಯೇ ಇಲ್ಲಿ ಬೇಡ ಎಂದರು. ಹುಡುಗಿಯ ಆಯ್ಕೆ, ಘನತೆ, ಖಾಸಗಿತನ ಮತ್ತು ಎಲ್ಲಕ್ಕಿಂತ ಮೊದಲು ಅವಳ ಓದು, ಇವನ್ನು ಮುಂದಿಟ್ಟರು. ಹಾಗಾಗಿ ವಿಷಯ ದೊಡ್ಡ ಪೀಠಕ್ಕೆ ಹೋಗಬೇಕಾಯಿತು.

ಯಾವ ತೀರ್ಪು ಸರಿ ಎಂದು ಹೇಳಲು ನಾವು ಇಲ್ಲಿ ಕೂತಿಲ್ಲ. ಓದುಗರು ಗಮನಿಸಬೇಕಾದದ್ದು ಇಷ್ಟೇ: ಯಾವ ಪರೀಕ್ಷೆ ಇಡುತ್ತೇವೆ ಎಂಬುದರ ಮೇಲೆ ಫಲಿತಾಂಶ ನಿಂತಿದೆ. ಆಚರಣೆ ಅತ್ಯಗತ್ಯವೇ ಎಂದು ಕೇಳಿದರೆ ರುಜುವಾತು ಮಾಡುವ ಭಾರ ಹುಡುಗಿಯ ತಲೆ ಮೇಲೆ. ಈ ನಿರ್ಬಂಧ ಅಗತ್ಯವೇ, ಬೇರೆ ದಾರಿ ಇತ್ತೇ ಎಂದು ಕೇಳಿದರೆ ಭಾರ ಸರಕಾರದ ತಲೆ ಮೇಲೆ. 2020ರ ಜನವರಿ 10ರಂದು ಕಾಶ್ಮೀರದ ಇಂಟರ್ನೆಟ್ ಬಂದ್ ವಿಷಯದಲ್ಲಿ ಸುಪ್ರೀಂ ಕೋರ್ಟು ಎರಡನೇ ರೀತಿಯ ಪ್ರಶ್ನೆ ಕೇಳಿತ್ತು. ಕೊನೆಯೇ ಇಲ್ಲದ ಹಾಗೆ ಬಂದ್ ಮಾಡುವಂತಿಲ್ಲ, ಆದೇಶಗಳನ್ನು ಪ್ರಕಟಿಸಬೇಕು ಎಂದು ಹೇಳಿತ್ತು.

ನಮ್ಮ ರಿಜಿಸ್ಟರಿಗೂ ಅದೇ ಪರೀಕ್ಷೆ

ಇಷ್ಟು ಓದಿ ಸರಕಾರದ ತಪ್ಪು ಹುಡುಕುತ್ತಿದ್ದ ನಮಗೆ ಒಂದು ದಿನ ನಮ್ಮದೇ ಮದರಸಾದ ದಾಖಲಾತಿ ಫಾರಂ ಕಣ್ಣಿಗೆ ಬಿತ್ತು. ಅದರಲ್ಲಿ ಆಧಾರ್ ಝೆರಾಕ್ಸ್ ಕಡ್ಡಾಯ ಎಂದಿತ್ತು. ಬರೆದವರು ನಾವೇ. ಎಲ್ಲರೂ ಕೇಳುತ್ತಾರೆ, ನಾವೂ ಕೇಳೋಣ ಎಂದು.

ಆ ವರ್ಷ ಶವ್ವಾಲಿನಲ್ಲಿ ಹೊಸ ತರಗತಿ ಶುರುವಾದಾಗ ಕೂಲಿಗೆ ಬಂದ ಒಂದು ಕುಟುಂಬದ ಹುಡುಗನನ್ನು ಇದೇ ಕಾರಣಕ್ಕೆ ವಾಪಸ್ ಕಳಿಸಿದ್ದೆವು. ಅವನ ಹೆಸರು ಒಂದು ಕಾಗದದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಸರಿ ಮಾಡಿಸಿಕೊಂಡು ಬನ್ನಿ ಎಂದೆವು. ಅವನ ತಂದೆ ಎರಡು ದಿನದ ಕೂಲಿ ಬಿಟ್ಟು ಓಡಾಡಿದರಂತೆ, ಆಗಲಿಲ್ಲ. ಹುಡುಗ ಎರಡು ತಿಂಗಳು ರಸ್ತೆಯಲ್ಲಿ ಆಡಿಕೊಂಡಿದ್ದ. ನಾವು ದಿನಾ ನೋಡುತ್ತಿದ್ದೆವು, ನಮಗೆ ಏನೂ ಅನಿಸಿರಲಿಲ್ಲ.

2018ರ ತೀರ್ಪಿನಲ್ಲಿ ಮಕ್ಕಳ ಬಗ್ಗೆ ಸ್ಪಷ್ಟವಾಗಿ ಬರೆದಿದೆ. ಶಾಲೆಗೆ ಸೇರಿಸಲು ಆಧಾರ್ ಕಡ್ಡಾಯ ಮಾಡುವಂತಿಲ್ಲ. ಆಧಾರ್ ಇಲ್ಲವೆಂದು ಯಾವ ಮಗುವಿಗೂ ಸವಲತ್ತು ತಪ್ಪಿಸುವಂತಿಲ್ಲ. ಮಗುವಿಗೆ ಆಧಾರ್ ಮಾಡಿಸಲು ತಂದೆ ತಾಯಿಯ ಒಪ್ಪಿಗೆ ಬೇಕು. 2019ರ ತಿದ್ದುಪಡಿಯ ಪ್ರಕಾರ 18 ತುಂಬಿದ ಮೇಲೆ ಆರು ತಿಂಗಳೊಳಗೆ ಬೇಡವೆಂದು ರದ್ದು ಮಾಡಿಸಲೂ ಅವಕಾಶವಿದೆ.

ನಾಲ್ಕು ಪ್ರಶ್ನೆಗಳನ್ನು ನಮಗೇ ಕೇಳಿಕೊಂಡೆವು. ಉದ್ದೇಶ? ಮಗು ಯಾರದ್ದು ಎಂದು ತಿಳಿಯುವುದು, ಸರಿ. ಸಂಬಂಧ? ಸ್ವಲ್ಪ ಇದೆ. ಬೇರೆ ದಾರಿ? ಬೇಕಾದಷ್ಟಿತ್ತು. ತಂದೆಯನ್ನೇ ಕೇಳಬಹುದಿತ್ತು, ಪಕ್ಕದ ಮನೆಯವರನ್ನು ಕೇಳಬಹುದಿತ್ತು, ಲಸಿಕೆ ಕಾರ್ಡು ನೋಡಬಹುದಿತ್ತು. ಲಾಭ ನಷ್ಟ? ನಮ್ಮ ಫೈಲಿಗೆ ಒಂದು ಹಾಳೆ ಸಿಗುತ್ತಿತ್ತು, ಮಗುವಿನ ಎರಡು ತಿಂಗಳು ಹೋಯಿತು. ಅದೂ ಆ ಹಾಳೆಗಳೆಲ್ಲ ಬೀಗವಿಲ್ಲದ ಕಪಾಟಿನಲ್ಲಿ ಬಿದ್ದಿದ್ದವು.

ಕಮಿಟಿಯ ಮುಂದೆ ವಿಷಯ ಇಟ್ಟೆವು. ಮೊದಲು ಸ್ವಲ್ಪ ಗೊಣಗಾಟವಾಯಿತು. "ನಾಳೆ ಯಾರಾದರೂ ಬಂದು ಕೇಳಿದರೆ ಏನು ತೋರಿಸೋದು ಉಸ್ತಾದ್?" ಎಂದರು. ಹಾಜರಿ ಪುಸ್ತಕ ಇದೆ, ತಂದೆಯ ಸಹಿ ಇದೆ, ಅದನ್ನೇ ತೋರಿಸೋಣ ಎಂದೆವು. ಆ ಸಾಲು ಫಾರಂನಿಂದ ಹೋಯಿತು, ಕಪಾಟಿಗೆ ಬೀಗ ಬಂತು. ಹುಡುಗನ ತಂದೆಯನ್ನು ಹುಡುಕಿಕೊಂಡು ಹೋಗಿ ಮಾಫಿ ಕೇಳಿ ಕರೆದುಕೊಂಡು ಬಂದೆವು. ಅವನೀಗ ಅಲಿಫ್ ಬಾ ಮುಗಿಸಿ ಮುಂದೆ ಹೋಗಿದ್ದಾನೆ.

ನಾವು ಮಾಡಬಹುದಾದದ್ದು

ಉಮ್ಮನಿಗೆ ಆ ತಿಂಗಳು ಅಕ್ಕಿ ಸಿಕ್ಕಿತು. ಮೊಮ್ಮಗನ ಮೊಬೈಲ್ ನಂಬರು ಅವರ ಆಧಾರಿಗೆ ಜೋಡಿಸಿದ್ದರಿಂದ ಓಟಿಪಿ ಬಂತು. ಬೆರಳು ಇನ್ನೂ ಬರುತ್ತಿಲ್ಲ. ಮುಂದಿನ ಸೊಪ್ಪಿನ ಕಾಲಕ್ಕೆ ಬರುವ ಹಾಗೂ ಕಾಣುವುದಿಲ್ಲ.

ಇಂಥ ತೊಂದರೆಯಲ್ಲಿರುವವರು ಸುಮ್ಮನೆ ವಾಪಸ್ ಬರಬೇಡಿ. ಬೆರಳು ಬಾರದಿದ್ದರೆ ಓಟಿಪಿ ಅಥವಾ ಕಣ್ಣಿನ ಗುರುತಿನ ವ್ಯವಸ್ಥೆ ಇದೆಯೇ ಎಂದು ಕೇಳಿ. ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಹೊಸದಾಗಿ ಕೊಡಿ, ಕೈ ತೊಳೆದು, ಕೆಲಸ ಕಡಿಮೆ ಇರುವ ತಿಂಗಳಲ್ಲಿ ಹೋದರೆ ಒಳ್ಳೆಯದು. ಆದರೂ ಅಕ್ಕಿ ಕೊಡದಿದ್ದರೆ ಬಾಯಿಮಾತಲ್ಲಿ ಜಗಳ ಮಾಡದೆ, ದಿನಾಂಕ ಹಾಕಿ ತಾಲೂಕು ಕಚೇರಿಯ ಆಹಾರ ಶಾಖೆಗೆ ಅರ್ಜಿ ಬರೆದು ಸ್ವೀಕೃತಿ ಪಡೆಯಿರಿ. 2013ರ ಆಹಾರ ಭದ್ರತೆ ಕಾನೂನಿನಲ್ಲಿ ಜಿಲ್ಲಾ ಕುಂದುಕೊರತೆ ಅಧಿಕಾರಿ, ಅವರ ಮೇಲೆ ರಾಜ್ಯ ಆಹಾರ ಆಯೋಗ ಇವೆ. ಸಿಗಬೇಕಾದ ಧಾನ್ಯ ಸಿಗದಿದ್ದರೆ ಭತ್ಯೆ ಕೇಳುವ ಹಕ್ಕೂ ಅದೇ ಕಾನೂನಿನಲ್ಲಿದೆ. ವಕೀಲರಿಗೆ ಕೊಡಲು ಹಣವಿಲ್ಲ ಎನ್ನುವವರು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವು ಸಿಗುತ್ತದೆ.

ಇನ್ನೊಂದು ಮಾತು ಮಸೀದಿ, ಮದರಸಾ, ಸಂಘ, ಅಂಗಡಿ ನಡೆಸುವವರಿಗೆ. ಯಾರಿಂದಲಾದರೂ ಕಾಗದ ಕೇಳುವ ಮೊದಲು, ಇದು ನಮಗೆ ನಿಜವಾಗಿ ಬೇಕೇ ಎಂದು ಒಮ್ಮೆ ಯೋಚಿಸಿ.

ನ್ಯಾಯಮೂರ್ತಿ ಪುಟ್ಟಸ್ವಾಮಿ 2024ರ ಅಕ್ಟೋಬರ್ ತಿಂಗಳಲ್ಲಿ, 98ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಆಧಾರನ್ನು ಪೂರ್ತಿ ನಿಲ್ಲಿಸಲು ಅವರಿಂದ ಆಗಲಿಲ್ಲ. ಆದರೆ ಅವರ ಹೆಸರಿನ ತೀರ್ಪು ಇರುವುದರಿಂದಲೇ, ಖಾಲಿ ಚೀಲ ಹಿಡಿದು ಬಂದ ಒಬ್ಬ ಉಮ್ಮನ ಪರವಾಗಿ ನಾವು ಇವತ್ತು ಕೌಂಟರಿನ ಮುಂದೆ ನಿಂತು, "ಬೇರೆ ದಾರಿ ಏನಿದೆ ಸ್ವಾಮಿ?" ಎಂದು ಧೈರ್ಯವಾಗಿ ಕೇಳಬಹುದಾಗಿದೆ.